ನಾಲ್ಕು ತೂತಿನ ಖರ್ಚು

ಬಿಳಿಜೋಳದ ಕೊಯ್ಲು ಶುರುವಾಗಿತ್ತು. ಇಂಥ ದಿನಗಳಲ್ಲಿ ಕುಷ್ಟಗಿಯ ಆ ಸಣ್ಣ ಆಸ್ಪತ್ರೆಯ ಬೆಂಚು ಅರ್ಧ ಖಾಲಿ. ನೋವಿದ್ದವರೂ ರಾಶಿ ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡು ಹೊಲದಲ್ಲೇ ಇರುತ್ತಾರೆ. ಡಾಕ್ಟರ್ ಶರಣಕುಮಾರ ಬೆಳಗಿನ ಏಳನೆಯ ರೋಗಿಯನ್ನು ನೋಡುತ್ತಿದ್ದ. ನೋಡುವುದೇನು, ಜಗಳ ಬಿಡಿಸುತ್ತಿದ್ದ.

"ಹಳೇ ಪದ್ಧತಿಯಂಗ ಹೊಟ್ಟಿ ಕೊಯ್ದ ತಗೀರಿ ಸಾಹೇಬ್ರ," ಎಂದಳು ಹನುಮಸಾಗರದ ದುರ್ಗಾದೇವಿ. ಅವಳ ಪಿತ್ತಕೋಶದ ತುಂಬ ಹರಳು. "ಗೇಣುದ್ದ ಕೊಯ್ರಿ. ನಾ ಏನ್ ಅಂಜೂದಿಲ್ಲ."

"ಏ, ಸುಮ್ನಿರ!" ಗಂಡ ವೆಂಕೋಬ ಅಡ್ಡಬಂದ. "ನಾಕ ತೂತು ಹಾಕಿ ತಗಿಯೂದ ಐತೆಲ್ರಿ, ಅದನ್ನ ಮಾಡ್ರಿ. ಎಷ್ಟರೆ ಆಗ್ಲಿ. ಮನ್ಯಾಗ ನಾವಿಬ್ರ. ಈಕಿ ಬಿಟ್ರ ನನಗ ಯಾರ ಅದಾರ?"

ಶರಣಕುಮಾರ ಮೇಜಿನ ಮೇಲಿದ್ದ ಇಕ್ಕಳವನ್ನು ಎತ್ತಿ ತೋರಿಸಿದ. ಮೊಳದುದ್ದ, ತುದಿಯಲ್ಲಿ ಗುಬ್ಬಿ ಕೊಕ್ಕಿನಷ್ಟೇ ಬಾಯಿ.

"ಒಂದು ತೂತಿನಾಗ ಕ್ಯಾಮೆರಾ, ಉಳಿದ ಮೂರರಾಗ ಇಂಥವು. ತೂತಿಗೆ ಹಾಕೋ ನಳಿಗಿ, ಒಳಗ ಬಿಗಿಯೋ ಕ್ಲಿಪ್ಪು ಒಮ್ಮೆ ಬಳಸಿ ಒಗಿಯೂವು. ಅದಕ್ಕ ಹದಿನೆಂಟು ಸಾವಿರ ಹೆಚ್ಚಿಗಿ ಬೀಳ್ತದ."

"ತೂತು ಸಣ್ಣದಾದಷ್ಟೂ ರೊಕ್ಕ ದೊಡ್ಡದನ್ರಿ?" ದುರ್ಗಾದೇವಿ ನಕ್ಕಳು. "ಬ್ಯಾಡ. ಗೇಣುದ್ದ ಕೊಯ್ದ್ರ ಎಷ್ಟ ದಿನ ಸುಮ್ನ ಇರಬೇಕ್ರಿ?"

"ಭಾರ ಎತ್ತದ, ಬಗ್ಗದ, ಮೂರು ತಿಂಗಳರೆ ಇರಬೇಕು."

"ಚೀಟಿ ಮ್ಯಾಲ ಬರದ ಕೊಡ್ತೀರಲ್ರಿ?"

"ತೂತು ಹಾಕಿದ್ರ?" ವೆಂಕೋಬ ಮುಂದಕ್ಕೆ ಬಾಗಿ ಕೇಳಿದ.

"ಹದಿನೈದು ದಿನ."

ವೆಂಕೋಬ ಎದ್ದೇ ನಿಂತ. "ನನ್ನ ಬೈಕ್ ಮಾರ್ತೀನ್ರಿ! ತೂತ ಹಾಕ್ರಿ!"

"ಬೈಕ್ ಯಾಕ ಮಾರ್ತೀರಿ? ಮೂರು ತಿಂಗಳು ತಾನ, ನಾ ತಡ್ಕೋತೀನಿ," ಎಂದಳು ದುರ್ಗಾದೇವಿ.

ಡಾಕ್ಟರ್ ಇಕ್ಕಳವನ್ನು ಕೆಳಗಿಟ್ಟು ಇಬ್ಬರನ್ನೂ ನೋಡಿದ. ಗಂಡನ ಬೈಕ್ ಉಳಿಸಲು ಇವಳು ಹೊಟ್ಟೆಯನ್ನೇ ಒಡ್ಡುತ್ತಾಳೆ. ಇವಳ ನೋವು ತಪ್ಪಿಸಲು ಅವನು ಬೈಕನ್ನೇ ಮಾರುತ್ತಾನೆ. ಹನ್ನೊಂದು ವರ್ಷದ ಡಾಕ್ಟರಿಕೆಯಲ್ಲಿ ಇಂಥ ಜೋಡಿಯನ್ನು ಕಂಡಿರಲಿಲ್ಲ.

"ಗುಲ್ಶನ," ನರ್ಸನ್ನು ಕೂಗಿದ, "ನಮ್ಮ ಸ್ಟೀಲಿನ ನಳಿಗಿ ತೊಳದು ಹಬಿಗೆ ಇಡವಾ. ಕ್ಲಿಪ್ಪಿನ ಬದಲಿ ದಾರದಾಗ ಗಂಟು ಹಾಕೂಣು." ಆಮೇಲೆ ದಂಪತಿಗಳ ಕಡೆ ತಿರುಗಿದ. "ಇವು ಮತ್ತ ಮತ್ತ ಬಳಸೂವು. ಕೊಯ್ಯೋ ರೇಟಿನಾಗ ತೂತಿನ ಆಪರೇಶನ್. ಬೈಕೂ ಮಾರಬ್ಯಾಡ್ರಿ, ಹೊಟ್ಟೀನೂ ಕೊಯ್ಸಬ್ಯಾಡ್ರಿ."

ವೆಂಕೋಬ ಡಾಕ್ಟರನ ಎರಡೂ ಕೈ ಹಿಡಿದುಕೊಂಡ. ದುರ್ಗಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಆಪರೇಶನ್ ಸುಸೂತ್ರವಾಯಿತು. ಮೂರನೆಯ ದಿನ ವೆಂಕೋಬ ಬಿಲ್ಲನ್ನು ಪೂರ್ತಿ ಕಟ್ಟಿ, "ಹದಿನೈದ ದಿನ ಅಂದ್ರ ಹದಿನೈದಲ್ರಿ?" ಎಂದು ಮತ್ತೊಮ್ಮೆ ಕೇಳಿಕೊಂಡು, ಸಿಳ್ಳೆ ಹಾಕುತ್ತ ಆಟೋ ತರಲು ಹೋದ. ಮಂಚದ ಮೇಲೆ ದುರ್ಗಾದೇವಿ ಮುಖ ಗಂಟಿಕ್ಕಿ ಕುಳಿತಿದ್ದಳು.

"ಇನ್ನೂ ನೋವದನವ್ವಾ?" ಶರಣಕುಮಾರ ಕೇಳಿದ.

"ಇಪ್ಪತ್ತಾರು ವರ್ಷ ನಾನ ರೊಟ್ಟಿ ಬಡದೀನಿ, ಮೂರು ತಿಂಗಳು ಕುಂತು ಅವ್ರ ಬಡದ ರೊಟ್ಟಿ ಉಣಬೇಕಂತ ಅಷ್ಟು ಹಟ ಹಿಡಿದಿದ್ದೆ," ಎಂದಳು ಅವಳು, "ನೀವು ನನಗ ಎರಡೂವರಿ ತಿಂಗಳು ಬಾಕಿ ಕೊಡಬೇಕ್ರಿ, ಸಾಹೇಬ್ರ."