ಸಾಲಿನ ತಲೆಯಾಳು

ಕಡಲಿಗೆ ಬೀಸಿದ ರಂಪಣಿ ಬಲೆಯನ್ನು ಸಾಲಾಗಿ ನಿಂತು ದಡಕ್ಕೆ ಎಳೆಯುವವರು ತಮ್ಮ ಸೊಂಟದ ತಂತಿಯನ್ನು ಪಕ್ಕದವರ ತಂತಿಗೆ ಸಿಕ್ಕಿಸಿಕೊಂಡರೆ ಸಾಲಿಗೆಲ್ಲ ಒಂದೇ ಮನಸ್ಸಾಗುತ್ತಿತ್ತು; ಒಬ್ಬರಿಗೆ ಅನಿಸಿದ್ದು ಎಲ್ಲರಿಗೂ ಅನಿಸುತ್ತಿತ್ತು. ಹೊಸಬರು ಸೇರಿದಾಗಲೆಲ್ಲ ಸಾಲು ತಾನೇ, ಮುಂದೆ ನಿಂತು ನಡೆಸುವ ತನ್ನ ತಲೆಯಾಳನ್ನು ಆರಿಸಿಕೊಳ್ಳುತ್ತಿತ್ತು. ಬಹುಕಾಲ ಅದು ವಾಮನನನ್ನೇ ಆರಿಸಿತ್ತು. ಆ ಬೆಳಿಗ್ಗೆ ಪಕ್ಕದ ಕೇರಿಯ ಶೇವಂತಿ ಮೊದಲ ಸಲ ಬಂದು ಸೇರಿದಳು. ಸಾಲು ಅವಳನ್ನು ಆರಿಸಿತು.

ವಾಮನನಿಗೆ ಹೊಟ್ಟೆ ಉರಿಯಿತು. ಸಾಲಿನ ಎಲ್ಲರಿಗೂ ಉರಿಯಿತು.

"ಸಾಕು ಮಾಡಾ ವಾಮನಣ್ಣ," ಎಂದು ಪಕ್ಕದ ಗಣಪು ಹೊಟ್ಟೆ ಹಿಡಿದುಕೊಂಡ. "ನಂಗೆ ಅವಳ ಮೇಲೆ ಎಂಥ ಸಿಟ್ಟೂ ಇಲ್ಲ ಮಾರಾಯಾ, ನಿನ್ನಿಂದ ಉರಿತದೆ."

ಶೇವಂತಿಗೂ ಉರಿಯಿತು, ತನ್ನ ಮೇಲೆಯೇ. ಅವಳು ತಿರುಗಿ ವಾಮನನನ್ನು ನೋಡಿದಳು. ಆ ನೋಟದಲ್ಲಿ ಮರುಕ ಕಂಡು ಅವನು ತಂತಿ ಕಿತ್ತುಬಿಟ್ಟ.

ಅವನು ನಿಂತಿದ್ದದ್ದು ನಡುವೆ. ಸಾಲು ಎರಡು ತುಂಡಾಯಿತು. ಆಚೆಯ ತುಂಡು ತನಗೊಬ್ಬ ಬೇರೆ ತಲೆಯಾಳನ್ನು ಆರಿಸಿಕೊಂಡು ಹಗ್ಗ ಸಡಿಲಿಸತೊಡಗಿತು; ಶೇವಂತಿಯಿದ್ದ ಈಚೆಯದು ಎಳೆಯುತ್ತಲೇ ಇತ್ತು. ಹಗ್ಗ ಜಾರಿ ಗಣಪುವಿನ ಅಂಗೈ ಸುಲಿಯಿತು. ಮೀನು ನುಸುಳತೊಡಗಿದವು.

"ವಾಮನಣ್ಣಾ, ಸೇರ್ಕೋ! ಉರಿದ್ರೆ ಉರೀಲಿ!" ಎಂದು ಶೇವಂತಿ ಕೂಗಿದಳು.

ಅವನು ತಂತಿ ಸಿಕ್ಕಿಸಿಕೊಂಡ. ಸಾಲು ಒಂದಾಗಿ ಮತ್ತೆ ಶೇವಂತಿಯನ್ನೇ ಆರಿಸಿತು. ಬಲೆ ನಿಧಾನವಾಗಿ ದಡದತ್ತ ಬರತೊಡಗಿತು.

ಎದೆಮಟ್ಟದ ಅಲೆಯಲ್ಲಿ ನಿಂತವರ ಭಯವೆಲ್ಲ, ಉರಿಯಂತೆ ಹಂಚಿಹೋಗದೆ, ಹರಿದು ತಲೆಯಾಳಿನೊಳಗೆ ಸೇರುವುದು ರೂಢಿ. ಇಷ್ಟು ವರ್ಷ ಅದನ್ನು ಹೊತ್ತ ವಾಮನನ ಎದೆ ಇವತ್ತು ಹಗುರಾಗಿತ್ತು. ಮುಂದೆ ಶೇವಂತಿ ಪ್ರತಿ ಅಲೆಗೂ ಕಣ್ಣು ಮುಚ್ಚಿ ಹಗ್ಗಕ್ಕೆ ಜೋತುಬೀಳುತ್ತಿದ್ದಳು. ಆ ಭಯವೂ ಅವಳ ಪಾಲಾಯಿತಲ್ಲ ಎಂಬುದನ್ನು ಮಾತ್ರ ಅವನಿಗೆ ಸಹಿಸಲಾಗಲಿಲ್ಲ.