ಕೆರೆಗೆ ಹೋದ ಕಳಶ

ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕುವ ವಾಸನೆ ಬಂದರೆ ಇವತ್ತಿಗೂ ನಾನು ಕೆರೆಗೆ ಓಡಿದ ಆ ಮಧ್ಯಾಹ್ನ ನೆನಪಾಗುತ್ತದೆ.

ಪುರವರದ ನಮ್ಮ ಮನೆಗೆ ಅಪ್ಪ ಬೌದ್ಧ ದೀಕ್ಷೆ ತಗೊಂಡು ಬಂದ ವಾರ ಅದು. ಅಜ್ಜಿಯ ಮಾರಮ್ಮನ ಕಳಶದ ಪಕ್ಕ ಪುಟ್ಟ ಬುದ್ಧನನ್ನು ಇಟ್ಟಿದ್ದ. "ದೀಕ್ಷೆ ತಗೊಂಡೋರು ಮನೆ ದೇವ್ರನ್ನ ಕೆರೆಗೆ ಎಸೆದ್ಬುಡ್ತಾರೆ ಕಣಮ್ಮ" ಅಂತ ಪಕ್ಕದ ಮನೆಯಾಕೆ ನನಗೆ ಹೇಳಿದ್ದಳು.

ಮಂಗಳವಾರ ಮಧ್ಯಾಹ್ನ, ಕಾಲು ಮುರಿದುಕೊಂಡು ಅಜ್ಜಿ ಮಲಗಿದ್ದಾಗ, ಅಪ್ಪ ಕಳಶ ಎತ್ತಿಕೊಂಡು ಕೆರೆ ಕಡೆ ಹೊರಟ. ನಾನು ಹಿಂದೆಯೇ ಓಡಿದೆ. ಅಪ್ಪ ಮೊಣಕಾಲುದ್ದ ನೀರಿಗಿಳಿದು ಕಳಶ ಮುಳುಗಿಸಿದ. ಮಾರಮ್ಮ ಸಿಟ್ಟಾದರೆ ಮೈತುಂಬ ಗುಳ್ಳೆ ಏಳುತ್ತವಂತೆ. ಕೆರೆ ಏರಿಯ ಮೇಲೆ ಕೂತು ನನ್ನ ತೋಳುಗಳನ್ನೇ ನೋಡಿಕೊಂಡೆ.

ತಲೆ ಎತ್ತಿದಾಗ ಅಪ್ಪ ಹುಣಸೆಹಣ್ಣಿನಿಂದ ಕಳಶ ತಿಕ್ಕುತ್ತಿದ್ದ, ವಾರವಾರ ಅಜ್ಜಿ ತಿಕ್ಕುತ್ತಿದ್ದ ಹಾಗೆಯೇ. ನೀರು ತುಂಬಿ, ಬೇವಿನ ಸೊಪ್ಪು ಸಿಕ್ಕಿಸಿ, ಮನೆಗೆ ತಂದು ಅಜ್ಜಿಯ ಮುಂದಿಟ್ಟ.

"ನಿಂಗೆ ಬ್ಯಾಡವಾದ ದೇವ್ರಿಗೆ ಯಾಕ್ಲಾ ಇಷ್ಟೆಲ್ಲ?"

"ನಿಂಗೆ ಬೇಕಲ್ಲವ್ವ. ದೀಕ್ಷೆ ತಗೊಂಡಿರೋನು ನಾನು."

ಅಜ್ಜಿ ಕಳಶದಿಂದ ಒಂದು ಲೋಟ ನೀರು ಬಗ್ಗಿಸಿ, ನನ್ನ ಕೈಗೆ ಕೊಟ್ಟಳು.

"ಚೆಲ್ಬ್ಯಾಡ ಕಣಮ್ಮ. ನಿಮ್ಮಪ್ಪನ ಬುದ್ಧನ ಮುಂದಿಡು."