ದೊಡ್ಡಣ್ಣನ ಸೋಲು

ಬಚ್ಚಲಲ್ಲಿ ಮಗಳು ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಅದೇ ಹೊತ್ತಿಗೆ ಅಪ್ಪ ಊಟದ ಮೇಜಿನ ಮೇಲೆ ಬಗ್ಗಿ, ಅವಳ ಲ್ಯಾಪ್‌ಟಾಪಿನಲ್ಲಿ ಏನನ್ನೋ ಟಕಟಕ ಒತ್ತುತ್ತಿದ್ದ. ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಬಂದ ಅಮ್ಮ ಬಾಗಿಲಲ್ಲೇ ನಿಂತಳು.

"ಏನ್ರೀ ಅದು?"

ಅಪ್ಪ ಬೆಚ್ಚಿಬಿದ್ದ. ಹೆಗಲ ಮೇಲಿನ ಟವೆಲ್ ಎಳೆದು ಪರದೆ ಒರೆಸತೊಡಗಿದ. "ಧೂಳು ಕಣೇ. ಧೂಳು ಕೂತಿತ್ತು."

ಮದುವೆಯಾದಾಗಿನಿಂದ ತನ್ನ ಕನ್ನಡಕವನ್ನೂ ಹೆಂಡತಿಯ ಕೈಯಲ್ಲೇ ಒರೆಸಿಸಿಕೊಂಡು ಬಂದ ಆಸಾಮಿ! ಅಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಇವತ್ತು ಅಪ್ಪ ಮಗಳ ಪಂದ್ಯ. ಹೆತ್ತ ಮಗಳಿಗೇ ಮೋಸ ಮಾಡುವುದೇ?

ಪಂದ್ಯ ಹುಟ್ಟಿದ್ದು ಒಂದು ಕೋಣೆಗಾಗಿ. ಆ ಕೋಣೆಯಲ್ಲಿ ದೊಡ್ಡಣ್ಣನ ವಾಸ. ದೊಡ್ಡಣ್ಣ ಎಂದರೆ ಮನುಷ್ಯನಲ್ಲ, ದೊಡ್ಡ ಕಚೇರಿಗಳಲ್ಲಿ ಇರುತ್ತದಲ್ಲ, ಸರ್ವರ್ ಎಂಬ ಕಂಪ್ಯೂಟರು, ಅದು. ಯಾವುದೋ ಕಚೇರಿ ಮುಚ್ಚಿದಾಗ ಅಪ್ಪ ಹೊತ್ತು ತಂದದ್ದು. ಜನರ ಮಸುಕಾದ ಹಳೆಯ ವೀಡಿಯೊಗಳನ್ನು ತಿಳಿ ಮಾಡಿಕೊಡುವ ಅವನ ಕೆಲಸಕ್ಕೆ ಅದೇ ಎತ್ತು, ಅದೇ ಗಾಡಿ. ಗಿರಣಿಯಂಥ ಸದ್ದು, ಒಲೆಯಂಥ ಕಾವು. ಕರೆಂಟು ಕುಡಿಯುವುದರಲ್ಲಂತೂ ಬಕಾಸುರ.

ಮಗಳದ್ದು ತೆಳ್ಳನೆಯ ಲ್ಯಾಪ್‌ಟಾಪು. ಉಸಿರಾಡಿದ್ದೂ ಕೇಳದು. ಅದರಲ್ಲಿ ಅವಳು ಕಾರ್ಟೂನ್ ಸಿನಿಮಾ ಮಾಡುತ್ತಾಳೆ. ಊಟದ ಮೇಜೇ ಸ್ಟುಡಿಯೊ. ತಿಂಡಿಗೊಮ್ಮೆ, ಊಟಕ್ಕೊಮ್ಮೆ ಎತ್ತಂಗಡಿ. ಅವಳು ಬರೆದಿಟ್ಟ ಬಾತುಕೋಳಿಯ ಚಿತ್ರಗಳ ಮೇಲೆ ಮೊನ್ನೆ ಅಜ್ಜಿ ಒಂದು ಲೋಟ ಹಾಲು ಚೆಲ್ಲಿದ್ದಳು. ಆವತ್ತು ಮಗಳು ಅತ್ತೇಬಿಟ್ಟಳು.

"ನಂಗೊಂದು ಬಾಗಿಲಿರೋ ಜಾಗ ಬೇಕಮ್ಮ. ಇಲ್ದಿದ್ರೆ ಈ ಕೆಲಸಾನೇ ಬಿಟ್ಬಿಡ್ತೀನಿ."

"ನನ್ನ ದೊಡ್ಡಣ್ಣನ್ನ ಸೋಲ್ಸು, ಕೋಣೆ ನಿಂದು," ಎಂದು ಅಪ್ಪ ಬಾಯಿ ಜಾರಿದ.

"ಸುಮ್ನೆ ಕೊಟ್ಬಿಡಿ ಅಂದ್ರೆ," ಎಂದಳು ಅಮ್ಮ.

"ಬೇಡಮ್ಮ." ಮಗಳು ಮೂಗು ಒರೆಸಿಕೊಂಡಳು. "ಅಯ್ಯೋ ಪಾಪ ಅಂತ ಕೊಟ್ಟ ಕೋಣೆಗೆ ನಾನು ಕಾಲಿಡಲ್ಲ. ಗೆದ್ದೇ ತಗೋತೀನಿ."

ಅಪ್ಪನಿಗೆ ತಕ್ಕ ಮಗಳು. ಇಬ್ಬರ ಹಠದ ನಡುವೆ ಅಮ್ಮ, ಬಾಗಿಲ ಸಂದಿಗೆ ಸಿಕ್ಕ ಬೆರಳಿನಂತೆ.

ಪಂದ್ಯ ಇಷ್ಟೇ: ಎರಡೂ ಯಂತ್ರಗಳು ಬಾತುಕೋಳಿಯ ಪ್ರತಿ ದೃಶ್ಯಕ್ಕೂ ಬೆಳಕು ನೆರಳು ಕೂರಿಸಿ ಸಿನಿಮಾ ಮಾಡಿ ಮುಗಿಸಬೇಕು. ಯಾವ ಯಂತ್ರ ಮೊದಲು ಮುಗಿಸುತ್ತದೋ ಅದಕ್ಕೆ ಗೆಲುವು. ಅದರ ಗುಟ್ಟನ್ನು ಅಪ್ಪ ಹಿಂದಿನ ದಿನವೇ ಅಮ್ಮನಿಗೆ ಬಿಡಿಸಿ ಹೇಳಿದ್ದ.

"ಅವಳ ಪ್ರೊಸೆಸರಲ್ಲಿ ಇರೋದು ನಾಲ್ಕೇ ಮಂದಿ ಅಡುಗೆಯವ್ರು ಅಂದ್ಕೋ. ಕೈ ಬಲು ಚುರುಕು, ತಿನ್ನೋದೂ ಕಮ್ಮಿ. ಮನೆಮಂದಿ ಅಡುಗೆ ಆದ್ರೆ ಅವ್ರೇ ಮುಂದೆ. ದೊಡ್ಡಣ್ಣನ ಹತ್ರ ಇಪ್ಪತ್ತು ಮಂದಿ ಮುದುಕ್ರಿದ್ದಾರೆ. ಒಬ್ಬೊಬ್ರೂ ನಿಧಾನ. ಆದ್ರೆ ಸಾವಿರ ಜನಕ್ಕೆ ಬೇಯಿಸ್ಬೇಕು ಅಂದ್ರೆ ಮುದುಕ್ರೇ ಸೈ. ಸಿನಿಮಾ ಕೆಲ್ಸ ಸಾವಿರ ಜನದ ಅಡುಗೆ ಕಣೇ. ಅವಳದ್ದು ಶುರುವಲ್ಲಿ ಓಡುತ್ತೆ, ಆಮೇಲೆ ಮೈ ಕಾದು ತಾನೇ ನಿಧಾನ ಆಗುತ್ತೆ."

ಗೆಲುವು ಅಂಗೈಯಲ್ಲಿದ್ದರೂ ಇವತ್ತು ಈ ಕಳ್ಳಾಟವೇ? ಮುದುಕರ ಮೇಲೆ ನಂಬಿಕೆ ಹೋಯಿತೇನೋ ಎಂದುಕೊಂಡಳು ಅಮ್ಮ.

"ನ್ಯಾಯವಾಗಿ ಆಡಿ," ಎಂದಳು.

"ಯಾರು ಗೆಲ್ಬೇಕೋ ಅವ್ರೇ ಗೆಲ್ತಾರೆ. ನೋಡ್ತಿರು."

ಮಗಳು ತಲೆ ಒರೆಸಿಕೊಳ್ಳುತ್ತಾ ಬಂದಳು. ಅಪ್ಪ, ಮಗಳು ಒಟ್ಟಿಗೆ ತಂತಮ್ಮ ಯಂತ್ರದ ಗುಂಡಿ ಒತ್ತಿದರು. ಅಪ್ಪನ ಕೈ ಎಲ್ಲೂ ಅಲೆಯದಿರಲೆಂದು ಅಮ್ಮ ಹೊದಿಕೆಯೊಂದರ ಎರಡು ತುದಿಗಳನ್ನು ಅವನ ಕೈಗೆ ಕೊಟ್ಟು ಮಡಚಲು ನಿಲ್ಲಿಸಿದಳು. ಮಡಚಿದ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು.

ಕೋಣೆಯೊಳಗೆ ದೊಡ್ಡಣ್ಣ ಯಾವತ್ತೂ ಇಲ್ಲದಷ್ಟು ಅಬ್ಬರಿಸಿದ. ಬಾಗಿಲಿನಿಂದ ಬಿಸಿಗಾಳಿ ರಾಚಿತು. ಆದರೆ ಎಷ್ಟು ಕೆಲಸವಾಯಿತೆಂದು ತೋರಿಸುವ, ಅವನ ಪರದೆಯ ಮೇಲಿನ ಹಸಿರು ಗೆರೆ ಮಾತ್ರ ಆಮೆಯಂತೆ ತೆವಳುತ್ತಿತ್ತು. ಮೇಜಿನ ಮೇಲೆ ಮಗಳ ಗೆರೆ ಓಡಿತು. ಓಡುತ್ತಲೇ ಇತ್ತು.

"ಕೂಗಾಟ ಜಾಸ್ತಿ, ಕೆಲಸ ಕಮ್ಮಿ," ಎಂದಳು ಅಮ್ಮ, ಗಂಡನನ್ನೇ ನೋಡುತ್ತಾ.

ದೊಡ್ಡಣ್ಣ ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ. ಬಾತುಕೋಳಿ ಲ್ಯಾಪ್‌ಟಾಪಿನಲ್ಲಿ ರೆಕ್ಕೆ ಬಡಿಯಿತು. ಮಗಳು ಕಿರುಚಿ ಅಮ್ಮನ ಕೊರಳಿಗೆ ಜೋತುಬಿದ್ದಳು. ಅಮ್ಮ ಲ್ಯಾಪ್‌ಟಾಪಿನ ಬೆನ್ನು ಸವರಿದಳು. ತೊಳೆದಿಟ್ಟ ತಟ್ಟೆಯಷ್ಟು ತಣ್ಣಗಿತ್ತು.

"ಇದಕ್ಕೆ ಮೈಯೇ ಕಾದಿಲ್ವಲ್ಲ!"

"ಈಗಿನ ಕಾಲದ್ದು," ಎಂದ ಅಪ್ಪ. "ಬೆವರು ಬೇರೆಯವ್ರದ್ದು."

"ಅಜ್ಜಿ ನೋಡ್ಬೇಕು ಇದನ್ನ!" ಮಗಳು ಅದೇ ಕೆಲಸವನ್ನು ಮೊದಲಿನಿಂದ ಓಡಿಸಲು ಇನ್ನೊಮ್ಮೆ ಗುಂಡಿ ಒತ್ತಿ, ಅಜ್ಜಿಯನ್ನು ಕರೆತರಲು ಹಿತ್ತಲಿಗೆ ಓಡಿದಳು.

ಅಮ್ಮ ದನಿ ತಗ್ಗಿಸಿದಳು. "ಬೆಳಿಗ್ಗೆ ಏನು ಮಸಲತ್ತು ಮಾಡಿದ್ರೋ, ನಡೀಲಿಲ್ಲ ಅಲ್ವಾ?"

"ಸೋತೆ ಕಣೇ," ಎಂದ ಅಪ್ಪ. ಸೋತವನ ಮುಖವೇ ಅಲ್ಲ ಅದು.

ಆ ನಗು ಕಂಡು ಅಮ್ಮನಿಗೆ ರೇಗಿತು. ವರ್ಷಗಟ್ಟಲೆ ತಡೆದುಕೊಂಡ ಗಿರಣಿಯ ಸದ್ದು ನೆನಪಾಗಿ ಇನ್ನಷ್ಟು ರೇಗಿತು. ನೆಟ್ಟಗೆ ಕೋಣೆಗೆ ನಡೆದಳು. "ಸಾಕು ಇದರ ದರ್ಬಾರು!" ಎಂದು ದೊಡ್ಡಣ್ಣನ ಪ್ಲಗ್ಗನ್ನು ಕಿತ್ತೇಬಿಟ್ಟಳು.

"ಅಯ್ಯೋ, ಬೇಡ..." ಅಪ್ಪ ಹಿಂದೆಯೇ ಓಡಿಬಂದ.

ಮನೆ ಗಪ್‌ಚಿಪ್ಪಾಯಿತು. ಮೇಜಿನ ಮೇಲೆ ಓಡುತ್ತಿದ್ದ ಮಗಳ ಗೆರೆಯೂ ಗಕ್ಕನೆ ನಿಂತಿತು. ಅದರ ಕೆಳಗೆ ಎರಡು ಸಾಲು ಮೂಡಿದವು: ದೊಡ್ಡಣ್ಣ ಉತ್ತರಿಸುತ್ತಿಲ್ಲ. ಕೆಲಸ ನಿಂತಿದೆ.

ಅಮ್ಮ ಮೇಜಿನ ಬಳಿ ಬಂದು ಓದಿದಳು. ಗಂಡನ ಮುಖ ನೋಡಿದಳು. ಮತ್ತೆ ಓದಿದಳು. ಹಿತ್ತಲಿನಿಂದ ಅಜ್ಜಿ, ಮೊಮ್ಮಗಳ ಮಾತು ಹತ್ತಿರವಾಗುತ್ತಿತ್ತು.

"ಪ್ಲಗ್ ಹಾಕೇ, ನಿನ್ನ ದಮ್ಮಯ್ಯ," ಅಪ್ಪ ಎರಡೂ ಕೈ ಜೋಡಿಸಿ ಪಿಸುಗುಟ್ಟಿದ. "ಅವಳ ಕೆಲಸಾನೂ ದೊಡ್ಡಣ್ಣನೇ ಮಾಡಿದ್ದು ಅಂತ ಗೊತ್ತಾದ್ರೆ, ಆ ಹುಡುಗಿ ಕೋಣೆಗೆ ಕಾಲಿಡಲ್ಲ!"